ಗುರುತಿನ ಕಳವು: ಮುಚ್ಚಿಟ್ಟಷ್ಟೂ ನಷ್ಟ

ಆಸ್ತಿ ನೋಂದಣಿಗೆಂದು ಉಪನೋಂದಣಾಧಿಕಾರಿಗಳ ಕಚೇರಿಗೆ ಹೋಗಿ ಹೆಬ್ಬೆಟ್ಟೊತ್ತಿ ಬಂದವರ ಬ್ಯಾಂಕ್ ಖಾತೆಗಳಿಂದ ಹಣ ಮಾಯವಾದ ಪ್ರಕರಣಗಳು 2023ರಲ್ಲಿ ಬೆಂಗಳೂರು, ಮಂಗಳೂರುಗಳಲ್ಲಿ ಒಂದರ ಹಿಂದೊಂದು ಬೆಳಕಿಗೆ ಬಂದವು. ಒಟಿಪಿ ಕೇಳಿದವರಿಲ್ಲ, ಚೆಕ್ಕಿಗೆ ಸಹಿ ಬಿದ್ದಿಲ್ಲ. ಕಾವೇರಿ ತಂತ್ರಾಂಶದಲ್ಲಿದ್ದ ದಸ್ತಾವೇಜುಗಳಿಂದ ಬೆರಳಚ್ಚು, ಆಧಾರ್ ಸಂಖ್ಯೆಗಳನ್ನು ವಂಚಕರು ನಕಲು ಮಾಡಿದ್ದರೆಂಬುದು ತನಿಖೆಯಲ್ಲಿ ಕಂಡುಬಂದ ಬಳಿಕ ನೋಂದಣಿ ಇಲಾಖೆಯು ಬೆರಳಚ್ಚನ್ನು ಮರೆಮಾಡುವ ಕ್ರಮ ಕೈಗೊಂಡಿತು. ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು ಈ ಮೂರೇ ಅವರಿಗೆ ಸಾಕಾಗಿದ್ದವು.

ಬಾಗಲಕೋಟೆಗೆ ಇದು ಪರಊರಿನ ಸುದ್ದಿಯಲ್ಲ. ಆಲಮಟ್ಟಿಯ ಹಿನ್ನೀರಿಗೆ ಮನೆ, ಹೊಲ ಬಿಟ್ಟುಕೊಟ್ಟ ಇಲ್ಲಿನ ಜನ ಪರಿಹಾರ, ನಿವೇಶನ, ಸಾಲ ಎಂದು ಎಷ್ಟು ಕಾಗದಗಳಿಗೆ ಹೆಬ್ಬೆಟ್ಟೊತ್ತಿರುವರೋ ಲೆಕ್ಕವಿಲ್ಲ. ಅವುಗಳ ಜೆರಾಕ್ಸ್ ಪ್ರತಿಗಳು ಯಾರ ಕಪಾಟಿನಲ್ಲಿವೆಯೆಂಬುದನ್ನು ಬಲ್ಲವರೂ ಇಲ್ಲ.

ಹಣ ಹೋದದ್ದಕ್ಕಿಂತ ಹೆಚ್ಚಿನ ಹಾನಿ ಅದನ್ನು ಮುಚ್ಚಿಡುವುದರಿಂದ ಆಗುತ್ತದೆ. ವಿದ್ಯಾಗಿರಿಯ ಅಂಗಡಿಕಾರನಾಗಲಿ, ಇಳಕಲ್ಲಿನ ಮಗ್ಗಗಳ ಮಾಲೀಕನಾಗಲಿ, ಉದ್ರಿಯ ಮೇಲೆ ಸರಕು ತರುವವನಿಗೆ ಪೇಟೆಯಲ್ಲಿ ಪತ ಕೆಟ್ಟೀತೆಂಬ ಅಂಜಿಕೆ ಸಹಜ. ಆದರೆ ಭಾರತೀಯ ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ದಿನಗಳನ್ನೇ ಅಳತೆಗೋಲಾಗಿಸಿತು. ಬ್ಯಾಂಕಿನದಾಗಲಿ ಗ್ರಾಹಕನದಾಗಲಿ ತಪ್ಪಿಲ್ಲದೆ ನಡೆದ ವಂಚನೆಯನ್ನು, ಬ್ಯಾಂಕಿನ ಸಂದೇಶ ತಲುಪಿದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ಯಾವ ಹೊಣೆಯೂ ಇಲ್ಲ. ನಾಲ್ಕರಿಂದ ಏಳನೆಯ ದಿನದೊಳಗೆ ತಿಳಿಸಿದರೆ, ಸಾಮಾನ್ಯ ಉಳಿತಾಯ ಖಾತೆಗೂ ಸೂಕ್ಷ್ಮ, ಸಣ್ಣ, ಮಧ್ಯಮ ಉದ್ದಿಮೆಗಳ ಚಾಲ್ತಿ ಮತ್ತು ಓವರ್‌ಡ್ರಾಫ್ಟ್ ಖಾತೆಗಳಿಗೂ ಪ್ರತಿ ವ್ಯವಹಾರಕ್ಕೆ ಗರಿಷ್ಠ 10,000 ರೂಪಾಯಿಗಳ ಹೊಣೆ. ಆಮೇಲಿನದು ಆಯಾ ಬ್ಯಾಂಕಿನ ನೀತಿಗೆ ಬಿಟ್ಟದ್ದು. ಗ್ರಾಹಕನದೇ ತಪ್ಪೆಂದು ರುಜುವಾತುಪಡಿಸುವ ಭಾರವನ್ನು ಆ ಸುತ್ತೋಲೆ ಬ್ಯಾಂಕಿನ ಮೇಲೆಯೇ ಹೊರಿಸಿತು. ಶಾಖೆಯಲ್ಲಿ ತಲೆತಗ್ಗಿಸಿ ನಿಲ್ಲುವ ವರ್ತಕರು ಇದನ್ನು ಅರಿತಿದ್ದರೆ ಒಳಿತು.

ಅನೇಕ ಅಂಗಡಿಗಳಲ್ಲಿ ಬ್ಯಾಂಕಿಗೆ ಕೊಟ್ಟ ಮೊಬೈಲ್ ಸಂಖ್ಯೆ ಬಿಟ್ಟುಹೋದ ಗುಮಾಸ್ತನದೋ, ಪರಸ್ಥಳದಲ್ಲಿರುವ ಮಗನದೋ ಆಗಿರುತ್ತದೆ. ಸಂದೇಶ ಅಲ್ಲಿಗೆ ಹೋಗುತ್ತದೆ, ದಿನಗಳು ಇಲ್ಲಿ ಕಳೆಯುತ್ತವೆ.

ವಂಚನೆ ತಿಳಿದೊಡನೆ 1930ಕ್ಕೆ ಕರೆಮಾಡಬೇಕು. ಹಣ ಇನ್ನೂ ವಂಚಕನ ಖಾತೆಯಲ್ಲಿದ್ದರೆ ಅದನ್ನು ತಡೆಹಿಡಿಯಲು ಸಾಧ್ಯ. ಖಾತೆಯಿಂದ ಖಾತೆಗೆ ಹರಿದುಹೋದ ಮೇಲೆ ಬೆನ್ನಟ್ಟುವುದು ಕಷ್ಟ. ಬಳಿಕ ಕೇಂದ್ರ ಗೃಹ ಮಂತ್ರಾಲಯದ ಸೈಬರ್ ಅಪರಾಧ ಜಾಲತಾಣದಲ್ಲಾಗಲಿ, ಜಿಲ್ಲೆಯ ಸಿಇಎನ್ ಠಾಣೆಯಲ್ಲಾಗಲಿ ದೂರು ದಾಖಲಿಸಿ, ಬ್ಯಾಂಕಿಗೂ ಲಿಖಿತವಾಗಿ ತಿಳಿಸಿ, ದಿನಾಂಕವುಳ್ಳ ಸ್ವೀಕೃತಿ ಪಡೆಯಬೇಕು. ಬಾಯಿಮಾತಿನ ದೂರಿಗೆ ದಿನಾಂಕವಿರುವುದಿಲ್ಲ. ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಸಿ ಕಲಮು ಗುರುತಿನ ಕಳವಿಗೆ ಮೂರು ವರ್ಷಗಳವರೆಗೆ ಸೆರೆವಾಸ ಹಾಗೂ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ.

ಮುನ್ನೆಚ್ಚರಿಕೆಗಳಲ್ಲಿ ಸುಲಭವಾದುದು ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಬೆರಳಚ್ಚಿಗೆ ಬೀಗ ಹಾಕುವುದು, ಬೇಕಾದಾಗ ತೆರೆಯಬಹುದು. ಸರ್ಕಾರವೇ ಹೆಬ್ಬೆಟ್ಟನ್ನು ಕಡ್ಡಾಯ ಮಾಡಿ, ಅದರ ಕಾವಲನ್ನು ಮಾತ್ರ ಪ್ರಜೆಯ ತಲೆಗೆ ಕಟ್ಟುವುದು ನ್ಯಾಯವಲ್ಲ, ನಿಜ. ಆದರೂ ಬೀಗ ಹಾಕದೆ ಕೂಡುವುದು ಜಾಣತನವಲ್ಲ.

ಪ್ಯಾನ್ ಸಂಖ್ಯೆಯ ದುರುಪಯೋಗ ಇನ್ನೂ ಸದ್ದಿಲ್ಲದ ಕೇಡು. ಪರರು ತೆಗೆದ ಸಾಲ ಸಿಬಿಲ್ ಮುಂತಾದ ನಾಲ್ಕು ಸಂಸ್ಥೆಗಳ ವರದಿಯಲ್ಲಿ ಕಾಣಸಿಗುತ್ತದೆ. ಪ್ರತಿ ಸಂಸ್ಥೆಯಿಂದಲೂ ವರ್ಷಕ್ಕೊಂದು ವರದಿ ಉಚಿತ. ಜಿಎಸ್‌ಟಿ ಜಾಲತಾಣದಲ್ಲಿ ಪ್ಯಾನ್ ಸಂಖ್ಯೆ ನಮೂದಿಸಿದರೆ ಅದರಡಿಯ ನೋಂದಣಿಗಳೆಲ್ಲ ತೋರುತ್ತವೆ. ಗುಳೇದಗುಡ್ಡದ ಖಣದ ವ್ಯಾಪಾರಿಯ ಹೆಸರಿನಲ್ಲಿ ಅವನು ಕಾಣದ ರಾಜ್ಯದೊಂದು ಕಂಪನಿ ಅಲ್ಲಿ ಕಂಡರೆ, ತೆರಿಗೆಯ ನೋಟಿಸು ಬರುವವರೆಗೆ ಕಾಯದೆ ಅಂದೇ ಪೊಲೀಸರಿಗೂ ತೆರಿಗೆ ಕಚೇರಿಗೂ ಬರೆದುಕೊಡಬೇಕು.