ತೋರುಬೆರಳಿನ ತೂಕ

ಸ್ನೇಹಕ್ಕೆ ಎರಡು ಕೈ ಬೇಕು. ಗೌರವಕ್ಕೆ ಒಂದೇ ಸಾಕು. ನಾವು ಗೌರವಿಸಿದವರು ನಮ್ಮನ್ನೂ ಗೌರವಿಸಬೇಕೆಂಬ ನಿಯಮವಿಲ್ಲ. ಹೀಗೆ ದಿಕ್ಕುಳ್ಳ ಸಂಬಂಧಗಳ ಬಲೆಯಲ್ಲಿ ಹಿರಿಯರಾರೆಂದು ನಿರ್ಣಯಿಸುವುದೆಂತು? ತೋರಿದ ಬೆರಳುಗಳನ್ನು ಎಣಿಸಿದರಾಯಿತಲ್ಲ ಎಂದು ವಾಚಕರು ಹೇಳಿಯಾರು. ಗಣಿತಕ್ಕೆ ಅಷ್ಟು ಸಾಲದು.

ಮೂವರು ಪಂಡಿತರಿರಲಿ. ಸಂದೇಹ ಬಂದಾಗ ಯಾರನ್ನು ಕೇಳುವಿರೆಂದರೆ, ಶಾಸ್ತ್ರಿಗಳು ಆಚಾರ್ಯರನ್ನೂ ಜೋಯಿಸರನ್ನೂ ತೋರುತ್ತಾರೆ, ಆಚಾರ್ಯರು ಜೋಯಿಸರೊಬ್ಬರನ್ನೇ, ಜೋಯಿಸರು ಶಾಸ್ತ್ರಿಗಳೊಬ್ಬರನ್ನೇ. ಶಾಸ್ತ್ರಿಗಳಿಗೂ ಆಚಾರ್ಯರಿಗೂ ದೊರೆತದ್ದು ಒಂದೊಂದೇ ಬೆರಳು. ಈಗ ನೂರು ಅಂಕಗಳನ್ನು ಮೂವರಿಗೂ ಸಮನಾಗಿ ಕೊಡೋಣ. ಪ್ರತಿಯೊಬ್ಬರೂ ತಮ್ಮಲ್ಲಿರುವುದನ್ನು ತಾವು ತೋರಿದವರಿಗೆ ಸಮಭಾಗ ಮಾಡಿ ಕೊಡಲಿ. ಬಂದುದನ್ನು ಮತ್ತೆ ಹಾಗೆಯೇ ಹಂಚಲಿ. ಹಲವು ಸುತ್ತುಗಳಾದ ಮೇಲೆ ಅಂಕಗಳು ನೆಲೆಗೊಳ್ಳುತ್ತವೆ: ಶಾಸ್ತ್ರಿಗಳಿಗೆ 40, ಜೋಯಿಸರಿಗೆ 40, ಆಚಾರ್ಯರಿಗೆ 20. ಜೋಯಿಸರ ಮೆಚ್ಚುಗೆ ಇಡಿಯಾಗಿ ಶಾಸ್ತ್ರಿಗಳಿಗೆ ಸಂದಿತು. ಶಾಸ್ತ್ರಿಗಳದು ಇಬ್ಬರಲ್ಲಿ ಹರಿದು ಹಂಚಿಹೋಯಿತು.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ 1998ರಲ್ಲಿ ಲೋಕದ ಮುಂದಿಟ್ಟ ‘ಪೇಜ್ ರ‍್ಯಾಂಕ್’ ವಿಧಾನದ ಹುರುಳು ಇದೇ. ಅಂತರ್ಜಾಲದಲ್ಲಿ ಒಂದು ಪುಟದಿಂದ ಇನ್ನೊಂದಕ್ಕೆ ಕರೆದೊಯ್ಯುವ ಕೊಂಡಿಗಳೇ ಅವರಿಗೆ ಬೆರಳುಗಳಾದುವು. ಗೂಗಲ್ ಹುಟ್ಟಿದ್ದು ಇದರ ಮೇಲೆಯೇ.

ಆದರೆ ಇಲ್ಲೊಂದು ತೊಡಕುಂಟು. ಹೊರಗಿನವರು ಯಾರನ್ನೂ ತೋರದೆ ತಮ್ಮತಮ್ಮೊಳಗೇ ಹೊಗಳಿಕೊಳ್ಳುವ ಕೂಟವೊಂದಿದ್ದರೆ, ಅಲ್ಲಿಗೆ ಬಂದ ಅಂಕ ಹೊರಕ್ಕೆ ಹೋಗದೆ ಶೇಖರವಾಗುತ್ತಲೇ ಇರುತ್ತದೆ. ಸಾಹಿತ್ಯಲೋಕವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕೆ? ಅದಕ್ಕೆಂದೇ ಈ ವಿಧಾನದಲ್ಲಿ ಸಾಮಾನ್ಯವಾಗಿ ನೂರರಲ್ಲಿ 85 ಪಾಲು ಮಾತ್ರ ಬೆರಳುಗಳನ್ನು ಹಿಂಬಾಲಿಸುತ್ತದೆ. ಉಳಿದ 15 ಪಾಲು, ಯಾರೂ ತೋರದ ಅನಾಮಿಕನೂ ಸೇರಿದಂತೆ, ಎಲ್ಲರಿಗೂ ಸಮನಾಗಿ ಸಲ್ಲುತ್ತದೆ. ಕೂಟದ ಬೇಲಿ ಸಡಿಲವಾಗುವುದು ಹೀಗೆ.

1999ರಲ್ಲಿ ಜಾನ್ ಕ್ಲೈನ್‌ಬರ್ಗ್ ಎಂಬ ವಿದ್ವಾಂಸರು ಇನ್ನೊಂದು ಸೂಕ್ಷ್ಮವನ್ನು ಪ್ರಕಟಿಸಿದರು. ಸ್ವತಃ ಪ್ರಮಾಣರಾಗಬಲ್ಲವರು ಬೇರೆ. ಅಂಥವರನ್ನು ಗುರುತಿಸಿ ತೋರಬಲ್ಲವರು ಬೇರೆ. ಒಬ್ಬರ ಅಂಕದಿಂದ ಇನ್ನೊಬ್ಬರದು ಬೆಳೆದರೂ ಎರಡನ್ನೂ ಪ್ರತ್ಯೇಕವಾಗಿ ಲೆಕ್ಕವಿಡಬೇಕು. ತಾನು ಒಂದು ಗ್ರಂಥವನ್ನೂ ಬರೆಯದೆ, ತಕ್ಕ ಗ್ರಂಥವನ್ನು ತಕ್ಕ ಶಿಷ್ಯನ ಕೈಗಿತ್ತ ಉಪಾಧ್ಯಾಯನಿಗೂ ಈ ಲೆಕ್ಕದಲ್ಲಿ ಸ್ಥಾನವುಂಟು.

ಯಂತ್ರ ಗುಣವನ್ನು ಕಾಣದು. ನಾವು ತೋರಿದ ಬೆರಳನ್ನಷ್ಟೇ ಕಾಣುತ್ತದೆ. ದಾಕ್ಷಿಣ್ಯಕ್ಕೆ ತೋರಿದರೂ ಅದು ಲೆಕ್ಕಕ್ಕೆ ಸೇರುತ್ತದೆ, ಹತ್ತು ಕಡೆಗೆ ತೋರಿದರೆ ಹತ್ತರಲ್ಲಿ ಒಂದಾಗುತ್ತದೆ. ಆದ್ದರಿಂದ ಬೆರಳೆತ್ತುವ ಮುನ್ನ ಕ್ಷಣಕಾಲ ಯೋಚಿಸುವುದು ನಮ್ಮ ಪಾಲಿನ ಕೆಲಸ.