ನಮ್ಮನ್ನು ನಡುರಾತ್ರಿ ಎಬ್ಬಿಸುವವರು ಯಾರು?



ಕ್ಲಾಸಿನಲ್ಲಿ ತೂಕಡಿಸಿದರೆ ಸಾಕು, 'ಹಾಸ್ಟೆಲ್ ಹುಡುಗ್ರು, ಬಿಟ್ಟಿ ಅನ್ನ ತಿಂದು ನಿದ್ದೆ ಹೊಡೀತಾರೆ' ಅಂತಾರೆ. ತಲೆ ತಗ್ಗಿಸುವ ಮುಂಚೆ ಒಂದು ಲೆಕ್ಕ ಹಾಕೋಣ. ನಿನ್ನೆ ರಾತ್ರಿ ನಮಗೆ ಎಷ್ಟು ಸಲ ಎಚ್ಚರ ಆಯ್ತು? ಎಬ್ಬಿಸಿದ್ದು ಯಾರು?

ರಾತ್ರಿ ಒಂದೆರಡು ಸಲ ಎಚ್ಚರವಾಗೋದು ರೋಗವಲ್ಲ. ನಿದ್ದೆ ಸುಮಾರು 90 ನಿಮಿಷಗಳ ಸುತ್ತುಗಳಲ್ಲಿ ನಡೆಯುತ್ತದೆ. ಸುತ್ತು ಮುಗಿದಾಗ ಮಗ್ಗಲು ಬದಲಿಸಿ ಮತ್ತೆ ಮಲಗುತ್ತೇವೆ. ಆದರೆ ಆ ಹೊತ್ತಿಗೆ ಸರಿಯಾಗಿ ಮೈ ಕಡಿದರೆ, ಹೊಟ್ಟೆ ಹಸಿದರೆ, ಮತ್ತೆ ನಿದ್ದೆ ಎಲ್ಲಿಯದು?

ಮಂಚದ ಸಂದಿಯ ತಿಗಣೆಯನ್ನೇ ನೋಡಿ. ರಕ್ತವಿಲ್ಲದೆ ತಿಂಗಳುಗಟ್ಟಲೆ ಬದುಕುತ್ತದೆ. ರಜೆಯಲ್ಲಿ ಕೋಣೆಗೆ ಬೀಗ ಹಾಕಿದರೆ ಸಾಯುವುದಿಲ್ಲ. ಒಂದು ಸಲ ಔಷಧಿ ಹೊಡೆದರೆ ಮೊಟ್ಟೆಗಳು ಉಳಿಯುತ್ತವೆ. ಎರಡು ವಾರ ಬಿಟ್ಟು ಮತ್ತೆ ಹೊಡೆಯಬೇಕು.

ಕಜ್ಜಿಯ ತುರಿಕೆಯೂ ರಾತ್ರಿಯೇ ಜಾಸ್ತಿ. ಇದು ಕೊಳಕರ ರೋಗ ಅಂತ ಹಂಗಿಸೋರಿದ್ದಾರೆ. ಸುಳ್ಳು. ದಿನಾ ಸ್ನಾನ ಮಾಡೋನಿಗೂ ಬರುತ್ತೆ. ಮೈಗೆ ಮೈ ತಾಗುವಂತೆ ಇಕ್ಕಟ್ಟಿನಲ್ಲಿ ಮಲಗಿಸಿದರೆ ಹರಡುತ್ತೆ. ಮೊದಲ ಸಲ ಅಂಟಿದವನಿಗೆ ತುರಿಕೆ ಶುರುವಾಗೋಕೆ 4ರಿಂದ 6 ವಾರ ಹಿಡಿಯುತ್ತೆ; ಅಷ್ಟರಲ್ಲಿ ಪಕ್ಕದವನಿಗೆ ದಾಟಿರುತ್ತೆ. ಆದ್ದರಿಂದ ಒಬ್ಬನಿಗೆ ಮುಲಾಮು ಕೊಟ್ಟರೆ ಸಾಲದು. ಇಡೀ ಕೋಣೆಗೆ ಒಂದೇ ದಿನ ಕೊಡಬೇಕು, ಬಟ್ಟೆ ಹೊದಿಕೆ ಬಿಸಿನೀರಲ್ಲಿ ಒಗೆಯಬೇಕು. ಬಿಸಿನೀರು ಎಲ್ಲಿದೆ ಅಂತ ಕೇಳಬೇಕಾದವರು ನಾವೇ.

ಇನ್ನು ಬಾರದ ಸ್ಕಾಲರ್‌ಶಿಪ್, ಊರಲ್ಲಿ ಹುಷಾರಿಲ್ಲದ ಅವ್ವ, ಇವೂ ಎಬ್ಬಿಸುತ್ತವೆ. ನಮ್ಮ ತಪ್ಪೂ ಇದೆ. ರಾತ್ರಿ ಕುಡಿದ ಟೀಯ ಅರ್ಧ ಕಸುವು ಐದಾರು ಗಂಟೆ ಕಳೆದರೂ ಮೈಯಲ್ಲಿರುತ್ತೆ. ದಿಂಬಿನ ಪಕ್ಕ ಮೊಬೈಲ್ ಬೇರೆ. ಇವನ್ನು ನಾವೇ ಬಿಡಬೇಕು.

'ಅಂಬೇಡ್ಕರ್ ರಾತ್ರಿ ಎದ್ದು ಓದಲಿಲ್ಲವೇ?' ಅಂತ ಕೇಳೋರಿದ್ದಾರೆ. ಹೌದು, ಓದಿದರು. ಮುಂಬೈನ ಪರೇಲಿನ ಒಂದೇ ಕೋಣೆಯ ಮನೆಯಲ್ಲಿ ತಂದೆ ರಾಮಜಿಯವರು ಮಗನನ್ನು ಬೇಗ ಮಲಗಿಸಿ, ರಾತ್ರಿ ಎರಡರವರೆಗೆ ತಾವು ಎಚ್ಚರವಿದ್ದು, ಆಮೇಲೆ ಅವರನ್ನು ಓದಲು ಎಬ್ಬಿಸಿ ತಾವು ಮಲಗುತ್ತಿದ್ದರು. ಆ ಹುಡುಗನ ನಿದ್ದೆಗೆ ಒಬ್ಬರು ಕಾವಲಿದ್ದರು. ನಮ್ಮ ನಿದ್ದೆಗೆ ಯಾರಿದ್ದಾರೆ?

2011ರ ಜೂನಿನಲ್ಲಿ ದಿಲ್ಲಿಯ ರಾಮಲೀಲಾ ಮೈದಾನದಲ್ಲಿ ಮಲಗಿದ್ದ ಜನರನ್ನು ಪೊಲೀಸರು ನಡುರಾತ್ರಿ ಎಬ್ಬಿಸಿ ಓಡಿಸಿದರು. ಆ ಪ್ರಕರಣದಲ್ಲಿ 2012ರಲ್ಲಿ ಸುಪ್ರೀಂ ಕೋರ್ಟು, ನಿದ್ದೆಯೂ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿಗೆ ಸೇರಿದ್ದು ಅಂತ ಹೇಳಿತು. ಹಾಗಾದರೆ ತಿಗಣೆಯಿಲ್ಲದ ಮಂಚ ಕೇಳೋದು ಭಿಕ್ಷೆಯಲ್ಲ.

ಈ ವಾರ ಪ್ರತಿ ಕೋಣೆಯವರೂ ಬರೆದಿಡೋಣ: ಎಷ್ಟು ಗಂಟೆಗೆ ಎಚ್ಚರ, ಯಾಕೆ ಎಚ್ಚರ. ಎಲ್ಲರೂ ಸಹಿ ಹಾಕಿ ವಾರ್ಡನ್ ಕೈಗೆ ಕೊಡೋಣ. ಒಂದು ಪ್ರತಿಯ ಮೇಲೆ ಅವರ ಸಹಿಯನ್ನೂ ತಗೊಳ್ಳೋಣ. ನಡುರಾತ್ರಿ ಏಳೋದಾದರೆ ಓದೋಕೆ ಏಳೋಣ. ತುರಿಸಿಕೊಳ್ಳೋಕೆ ಎದ್ದದ್ದು ಸಾಕು.