ಮನಿ ಸರ್ವರಿನ ಕೀಲಿಕೈ ಯಾರ ಕಡೆ ಇರಬೇಕು?

ಅಕ್ಕಾರ, ವೈನಿಯವರ, ಈ ಸಲ ಅಡಗಿ ವಿಷಯ ಅಲ್ಲ, ಕಂಪ್ಯೂಟರ್ ವಿಷಯ. ಹಂಗಂತ ಓದೂದು ಬಿಡಬ್ಯಾಡ್ರಿ, ಇದೂ ಮನಿ ನಡಸೋ ವಿಷಯನ ಅದ.

ಈಗ ಭಾಳ ಮನ್ಯಾಗ ಹುಡುಗ್ರು ಹಳೇ ಕಂಪ್ಯೂಟರಿಗೆ ದೊಡ್ಡ ಹಾರ್ಡ್ ಡಿಸ್ಕ್ ಜೋಡಿಸಿ ‘ಹೋಮ್ ಸರ್ವರ್’ ಮಾಡ್ಲಿಕ್ಕತ್ತಾರ. ಅಂದ್ರ ಮತ್ತೇನಲ್ಲ, ಮನಿಯೊಳಗಿನ ಫೋಟೋ, ವಿಡಿಯೋ, ಹಾಡು ಎಲ್ಲಾ ಒಂದ ಪೆಟ್ಟಿಗ್ಯಾಗ ಇರ್ತಾವ. ಹಾಲಿನ ಟಿವಿಯೊಳಗ, ಅಡಗಿ ಮನಿಯೊಳಗಿನ ಫೋನಿನ್ಯಾಗ, ಮಹಡಿ ಮ್ಯಾಲಿನ ಟ್ಯಾಬಿನ್ಯಾಗ ಯಾರಿಗೆ ಯಾವುದು ಬೇಕೋ ಅದನ್ನ ವೈಫೈ ಮ್ಯಾಲ ಹಚ್ಚಿಕೊಂಡು ನೋಡಬಹುದು. ನಮ್ಮ ಮನ್ಯಾಗೂ ಎರಡು ವರ್ಷದಿಂದ ಅದ. ಅದನ್ನ ನಡಸಿದ ಮ್ಯಾಲ ನನಗ ಅನಿಸಿದ್ದು ಇಷ್ಟ: ಇದು ಸಿನಿಮಾ ನೋಡೋ ಪೆಟ್ಟಿಗಿ ಅಲ್ಲ, ಮನಿ ಸಾಮಾನಿನ ಖೋಲಿ. ಅದರೊಳಗ ಮೊದಲ ಏನು ಇಡಬೇಕು ಅನ್ನೋದನ್ನ ನಾವು ಹೇಳಬೇಕು, ಅದರ ಕೀಲಿಕೈನೂ ನಮ್ಮ ಕಡೆ ಇರಬೇಕು.

‘ಎಲ್ಲಾ ಫೋನಿನ್ಯಾಗ ಅದಲ್ಲಾ, ಮತ್ಯಾಕ ಇದು?’ ಅಂತ ಕೇಳ್ತೀರಿ. ಫೋನಿನ್ಯಾಗ ಇರೋದು ಫೋನು ಇರೋ ತನಕ. ಗೂಗಲ್‌ನವರು ಪುಕ್ಕಟೆ ಕೊಡೋದು 15 ಜಿಬಿ ಜಾಗಾ, ಅದರಾಗನ ಮೇಲ್ ಬರಬೇಕು, ಫೋಟೋನೂ ಕೂಡಬೇಕು. ಮೊದಲ ಫೋಟೋಕ್ಕ ಲೆಕ್ಕ ಇರಲಿಲ್ಲ, 2021ರ ಜೂನ್ 1ರಿಂದ ಅದಕ್ಕೂ ಲೆಕ್ಕ ಹಚ್ಚಿದ್ರು. 15 ಜಿಬಿ ಅಂದ್ರ ಎಷ್ಟು? ಲಗ್ನದ ಒಂದು ಡಿವಿಡಿ ತುಂಬಿದ್ರ 4.7 ಜಿಬಿ. ಮೂರು ಡಿವಿಡಿ ಇಟ್ರ ಮುಗೀತು. ಇನ್ನೊಂದು ಮಾತು ನಮ್ಮಂಥ ವಯಸ್ಸಿನವರು ತಿಳಕೊಂಡಿರಬೇಕು. ಎರಡು ವರ್ಷ ಯಾರೂ ಮುಟ್ಟದ ಖಾತೆ ಇದ್ರ ಅದನ್ನ ಅವರು ಅಳಿಸಬಹುದು, 2023ರ ಡಿಸೆಂಬರಿನಿಂದ ಈ ನಿಯಮ ಜಾರಿಯೊಳಗ ಅದ. ಮನ್ಯಾಗ ಯಾರರೆ ಹೋದ್ರ ಅವರ ಫೋನು ಬಂದ್ ಮಾಡಿ ಕಪಾಟಿನ್ಯಾಗ ಇಡ್ತೀವಿ. ದುಃಖದಾಗ ಯಾರು ಅದರ ಖಾತೆ ತಗದು ನೋಡ್ತಾರ? ವರ್ಷಾಂತಿಕ ಆಗಿ ಇನ್ನೊಂದು ವರ್ಷ ಕಳೆಯೋದ್ರಾಗ ಆ ಫೋಟೋ ಎಲ್ಲಾ ಹೋಗಿರಬಹುದು.

ಇನ್ನ ‘ಓಟಿಟಿ ಅದಲ್ಲಾ, ತಿಂಗಳಾ ರೊಕ್ಕ ಕೊಡ್ತೀವಲ್ಲಾ’ ಅನ್ನೋರು. ಸಿನಿಮಾಕ್ಕ ಅದು ಛಲೋನ. ಆದ್ರ ಅಲ್ಲಿ ಕರಾರು ಮುಗದ್ರ ಸಿನಿಮಾನೂ ಹೋಗ್ತದ, ಅದು ನಮ್ಮ ಸ್ವಂತದ್ದಲ್ಲ. ಮತ್ತ ನಮ್ಮ ಅತ್ತಿಯವರು ಹಾಡಿದ ಆರತಿ ಹಾಡು ಯಾವ ಓಟಿಟಿಯೊಳಗ ಬರ್ತದ?

ಇಲ್ಲೇ ನನ್ನ ಮುಖ್ಯ ಮಾತು ಬರ್ತದ. ಹುಡುಗ್ರು ಸರ್ವರ್ ಮಾಡಿದ್ರ ಮೊದಲ ತುಂಬೋದು ಸಿನಿಮಾ. ಅದೂ ಎಲ್ಲಿಂದಲೋ ಕದ್ದು ಇಳಿಸಿಕೊಂಡಿದ್ದು. ಅದು ಕಾನೂನಿಗೂ ತಪ್ಪು, ಡಿಸ್ಕಿನ ಜಾಗಾಕ್ಕೂ ದಂಡ. ಜಗತ್ತಿನ್ಯಾಗ ಲಕ್ಷ ಕಡೆ ಇರೋದನ್ನ ನಾವು ಕಾಯಬೇಕಾಗಿಲ್ಲ. ಎಲ್ಲೂ ಇನ್ನೊಂದು ಪ್ರತಿ ಇಲ್ಲದ್ದನ್ನ ಮೊದಲ ಕಾಯಬೇಕು. ನಮ್ಮ ಮನ್ಯಾಗ ಹನ್ನೊಂದು ಕ್ಯಾಸೆಟ್ ಇದ್ದವು. ಅದರಾಗ ಅತ್ತಿಯವರು ಬೀಸೋ ಪದ ಹಾಡಿದ್ದು, ತೊಟ್ಟಿಲ ಹಾಕೋವಾಗಿನ ಜೋಗುಳ, ನಡುವ ಯಾರೋ ಬಾಗಿಲ ಬಡದ್ರ ‘ಯಾರದು, ಬಂದೆ ತಡೀರಿ’ ಅಂದಿದ್ದು, ಎಲ್ಲಾ ಅದ. ಅವರು ತೀರಿಕೊಂಡು ನಾಲ್ಕು ವರ್ಷ ಆತು. ಫೋಟೋ ದೇವರ ಮನಿ ಗ್ವಾಡಿ ಮ್ಯಾಲ ಅದ, ಧ್ವನಿ ಮಾತ್ರ ಆ ಕ್ಯಾಸೆಟ್ಟಿನ್ಯಾಗಷ್ಟ ಇತ್ತು. ನಮ್ಮ ಮನಿ ಹೆಣ್ಮಕ್ಕಳ ಹಾಡು, ಮಾತು ಯಾರೂ ಪುಸ್ತಕ ಮಾಡಿ ಇಡಲಿಲ್ಲ, ರೇಡಿಯೋದವರು ಬಂದು ನಮ್ಮನಿ ಬೀಸೋ ಕಲ್ಲಿನ ಮುಂದ ಕೂಡಲಿಲ್ಲ. ನಾವು ಇಟ್ರ ಉಳೀತು, ಇಲ್ಲಂದ್ರ ಇಲ್ಲ.

ಅದಕ್ಕೂ ಕಾಲಾವಕಾಶ ಭಾಳ ಇಲ್ಲ. ನಮ್ಮ ಮಳಿಗಾಲದ ತಂಪಿಗೆ ಕ್ಯಾಸೆಟ್ ಪಟ್ಟಿಗೆ ಬೂಸು ಹಿಡೀತದ. ಬೂಸು ಹಿಡದದ್ದನ್ನ ಹಂಗ ಪ್ಲೇಯರಿಗೆ ಹಾಕಬ್ಯಾಡ್ರಿ, ಮಶೀನಿನ ಹೆಡ್ಡಿಗೂ ಹತ್ತತದ, ಮುಂದ ಹಾಕಿದ ಕ್ಯಾಸೆಟ್ಟಿಗೂ ಹತ್ತತದ. ಲಗ್ನದ ದೊಡ್ಡ ವಿಡಿಯೋ ಕ್ಯಾಸೆಟ್ ಇದ್ದವರಂತೂ ಗಡಿಬಿಡಿ ಮಾಡ್ರಿ. ವಿಸಿಆರ್ ಮಾಡೋ ಕಡೀ ಕಂಪನಿ ಜಪಾನಿನ ಫುನಾಯ್, ಅದೂ 2016ರ ಜುಲೈದಾಗ ಮಾಡೂದು ನಿಲ್ಲಿಸಿತು. ಈಗ ಇರೋ ಮಶೀನು ಕೆಟ್ರ ರಿಪೇರಿ ಮಾಡೋರೂ ಕಡಿಮಿ. ವಿಡಿಯೋ ಕ್ಯಾಸೆಟ್ ಕೆಲಸಾ ಫೋಟೋ ಸ್ಟುಡಿಯೋದವರಿಗೆ ಕೊಡ್ರಿ. ಹಾಡಿನ ಕ್ಯಾಸೆಟ್ ಮನ್ಯಾಗನ ಆಗ್ತದ. ಟೇಪ್‌ರೆಕಾರ್ಡರಿನ ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿನ ಲೈನ್-ಇನ್ ತೂತಿಗೆ ಒಂದು ವೈರು, ಆಡಾಸಿಟಿ ಅನ್ನೋ ಪುಕ್ಕಟೆ ಸಾಫ್ಟ್‌ವೇರು, ಮುಗೀತು. 60 ನಿಮಿಷದ ಕ್ಯಾಸೆಟ್ಟಿಗೆ 60 ನಿಮಿಷ ಬೇಕ ಬೇಕು. ಹಚ್ಚಿ ಇಟ್ಟು ರೊಟ್ಟಿ ಬಡೀರಿ.

ಈಗ ಖರ್ಚಿನ ಮಾತು. ನಾ ಪಿಯುಸಿ ಕಾಮರ್ಸ್ ತನಕ ಓದಿದಾಕಿ, ಲೆಕ್ಕ ಬಿಡಂಗಿಲ್ಲ. ಊರಾಗಿನ ಒಂದು ಅಂಗಡಿಯಾಂವ ನಮ್ಮ ಮುಂದ 60,000 ರೂಪಾಯಿ ಕೊಟೇಶನ್ ಇಟ್ಟಿದ್ದ, ಗೇಮ್ ಆಡೋ ಹುಡುಗ್ರಿಗೆ ಬೇಕಾಗೋ ಗ್ರಾಫಿಕ್ಸ್ ಕಾರ್ಡ್ ಸಹಿತ. ಮಾತಾಡಿದ್ದೂ ಮಗನ ಜೋಡಿನ, ನನ್ನ ಕಡೆ ನೋಡಲಿಲ್ಲ. ಅಷ್ಟೆಲ್ಲಾ ಬ್ಯಾಡ. ಮಗ ಕಾಲೇಜಿನ್ಯಾಗ ಇದ್ದಾಗ ತಂದ ಹಳೇ ಐ5 ಡೆಸ್ಕ್‌ಟಾಪ್ ಅಟ್ಟದ ಮ್ಯಾಲ ಇತ್ತು, 8 ಜಿಬಿ ರ‍್ಯಾಮಿಂದು. ಅದನ್ನ ಇಳಿಸಿ ಧೂಳ ಒರಸಿ, ಸಣ್ಣ ಎಸ್‌ಎಸ್‌ಡಿ ಒಂದು, 2 ಟಿಬಿ ಹಾರ್ಡ್ ಡಿಸ್ಕ್ ಎರಡು, ಒಂದು ಲ್ಯಾನ್ ವೈರು, ಇಷ್ಟ ತಂದ್ವಿ. ಎಲ್ಲಾ ಸೇರಿ 15,000ದ ಒಳಗ ಮುಗೀತು. 2 ಟಿಬಿ ಅಂದ್ರ ತುಂಬಿದ ಡಿವಿಡಿ 400ರ ಮ್ಯಾಲ ಹಿಡೀತಾವ. ನಮ್ಮ ನಿಮ್ಮಂಥವರಿಗೆ ಸಾಕೋ ಸಾಕು.

ನಿಮ್ಮ ಕಡೆ ಅಟ್ಟದ ಮ್ಯಾಲ ಇಲ್ಲದಿದ್ರ ಈಗ ಹಳೇ ಕಂಪ್ಯೂಟರ್ ಸಿಗೂದು ಸಸಾರ. 2025ರ ಅಕ್ಟೋಬರ್ 14ಕ್ಕ ವಿಂಡೋಸ್ 10ರ ಆಸರಾ ನಿಂತು, ವಿಂಡೋಸ್ 11 ಹತ್ತದ ಮಶೀನು ಆಫೀಸಿನವರು ತಗದು ಹಾಕ್ತಾರ. ಅಂಥದಕ್ಕ ಡೆಬಿಯನ್ ಅಥವಾ ಉಬುಂಟು ಅನ್ನೋ ಪುಕ್ಕಟೆ ಲಿನಕ್ಸ್ ಹಾಕಿದ್ರ ಛಂದಾಗಿ ನಡೀತಾವ. ಪೆಟ್ಟಿಗಿ ಹಳೇದಿರಲಿ, ಹಾರ್ಡ್ ಡಿಸ್ಕ್ ಮಾತ್ರ ಹಳೇದು ತರಬ್ಯಾಡ್ರಿ. ಪಾತ್ರಿ ಹಳೇದಾದ್ರ ನಡೀತದ, ಗ್ಯಾಸಿನ ಪೈಪು ಹಳೇದು ನಡಿಯಂಗಿಲ್ಲ, ಹಂಗ.

ತೋರಿಸೋ ಸಾಫ್ಟ್‌ವೇರಿಗೆ ಜೆಲ್ಲಿಫಿನ್ ಅಂತಾರ. ಎಂಬಿ ಅನ್ನೋ ಸಾಫ್ಟ್‌ವೇರಿನವರು ತಮ್ಮ ಕೋಡ್ ಮುಚ್ಚಿಕೊಂಡಾಗ, ಅದರ ತೆರೆದಿದ್ದ ಹಳೇ ಕೋಡ್ ತಗೊಂಡು 2018ರ ಡಿಸೆಂಬರಿನ್ಯಾಗ ಕೆಲವರು ಇದನ್ನ ಶುರು ಮಾಡಿದ್ರು. ರೊಕ್ಕ ಇಲ್ಲ, ಜಾಹೀರಾತು ಇಲ್ಲ, ಹೊರಗಿನ ಖಾತೆ ಬೇಕಿಲ್ಲ. ಇಂಟರ್‌ನೆಟ್ ಹೋದ್ರೂ ಮನಿಯೊಳಗ ನಡೀತದ. ಆಂಡ್ರಾಯ್ಡ್ ಟಿವಿ ಇದ್ದವರು ಅದರ ಆ್ಯಪ್ ಹಾಕಿಕೊಂಡ್ರ ಆತು.

ಇದರಾಗ ಒಂದ ಸೂಕ್ಷ್ಮ ತಿಳಕೊಂಡ್ರ ದೊಡ್ಡ ಮಶೀನಿನ ಖರ್ಚು ಉಳೀತದ. ಮಾಡಿಟ್ಟ ಅಡಗಿ ಬಡಸೂದು ಬ್ಯಾರೆ, ಬಂದವರಿಗೆಲ್ಲಾ ಬಿಸಿ ರೊಟ್ಟಿ ಬಡದು ಕೊಡೂದು ಬ್ಯಾರೆ. ಟಿವಿಗೆ ತಿಳಿಯೋ ನಮೂನಿ ಫೈಲ್ ಇದ್ರ ಸರ್ವರ್ ಸುಮ್ನ ಬಡಸ್ತದ, ಹಳೇ ಮಶೀನಿಗೂ ಭಾರ ಆಗೂದಿಲ್ಲ. ತಿಳಿಯದ ನಮೂನಿ ಇದ್ರ ಅದನ್ನ ಅಲ್ಲೇ ನಿಂತು ಬದಲ ಮಾಡಿ ಕೊಡಬೇಕು, ಆಗ ಉಸಿರು ಹತ್ತತದ, ಚಿತ್ರ ತಡದು ತಡದು ಬರ್ತದ. ಅದಕ್ಕ ಹಳೇ ವಿಡಿಯೋ ಎಲ್ಲಾ ಹ್ಯಾಂಡ್‌ಬ್ರೇಕ್ ಅನ್ನೋ ಪುಕ್ಕಟೆ ಸಾಫ್ಟ್‌ವೇರಿನಿಂದ ಒಂದ ಸಲ ಎಚ್.264 ಎಂಪಿ4 ಮಾಡಿ ಇಟ್ಟುಬಿಡ್ರಿ. ಯಾವ ಟಿವಿ, ಯಾವ ಫೋನಿಗೂ ಸಾಮಾನ್ಯವಾಗಿ ಅದು ನಡೀತದ. ಸರ್ವರಿಂದ ರೌಟರಿಗೆ ವೈಫೈ ಬಿಟ್ಟು ವೈರು ಹಾಕ್ರಿ.

ಕರೆಂಟು? ಇಂಥ ಹಳೇ ಪೆಟ್ಟಿಗಿ ಸುಮ್ನ ಕೂತಾಗ 40 ವ್ಯಾಟ್ ಎಳೀತದ ಅಂತ ಹಿಡೀರಿ. ಹಗಲೂ ರಾತ್ರಿ ಇಟ್ರ ತಿಂಗಳಿಗೆ 29 ಯುನಿಟ್. ಯುನಿಟ್‌ಗೆ 6 ರೂಪಾಯಿ ಹಿಡದ್ರ 174 ರೂಪಾಯಿ. ಅದಕ್ಕಿಂತ ಗೃಹಜ್ಯೋತಿ ಲೆಕ್ಕ ನೋಡ್ರಿ. ನಮ್ಮ ಹಳೇ ಬಳಕಿ ಸರಾಸರಿ ನೋಡಿ ಪುಕ್ಕಟೆ ಯುನಿಟ್ ಗೊತ್ತು ಮಾಡ್ಯಾರ, ತಿಂಗಳಿಗೆ 200 ದಾಟಿದ್ರ ಪೂರಾ ಬಿಲ್ಲು ನಮ್ಮ ಮ್ಯಾಲ. ಗೀಸರ್ ಇದ್ದ ಮನ್ಯಾಗ ಆ 29 ಯುನಿಟ್ ಸಣ್ಣದಲ್ಲ. ನಾವು ಸಂಜೆ ದೀಪ ಹಚ್ಚೋ ಹೊತ್ತಿಗೆ ಸರ್ವರ್ ಹಚ್ಚತೀವಿ, ಮಲಗೋವಾಗ ಬಂದ್ ಮಾಡ್ತೀವಿ. ದಿನಾ ಐದು ತಾಸಿಗೆ ತಿಂಗಳಿಗೆ 6 ಯುನಿಟ್ಟ. ನಮ್ಮ ಮನಿ ಏನು ಬ್ಯಾಂಕ್ ಅಲ್ಲ, ನಡುರಾತ್ರಿ ಯಾರಿಗೆ ಸೇವಾ ಬೇಕು? ಆದ್ರ ಸ್ವಿಚ್ ಕೀಳಬ್ಯಾಡ್ರಿ, ಗುಂಡಿ ಒತ್ತಿ ತಾನ ಬಂದ್ ಆಗೋ ತನಕ ತಡೀರಿ. ಕರೆಂಟ್ ಮ್ಯಾಲಿಂದ ಮ್ಯಾಲ ಹೋಗೋ ಓಣಿಯೊಳಗ ಒಂದು ಯುಪಿಎಸ್ ಇರಬೇಕು, ಹಾರ್ಡ್ ಡಿಸ್ಕಿಗೆ ಧಸಕ್ಕನ ಕರೆಂಟ್ ಹೋಗೂದು ಆಗಂಗಿಲ್ಲ.

ಎರಡನೇ ಡಿಸ್ಕ್ ಯಾಕ ಅಂತ ಮನಿಯವರೂ ಕೇಳಿದ್ರು. ಒಂದ ಪೆಟ್ಟಿಗ್ಯಾಗ ಇದ್ದದ್ದು ಇಟ್ಟಂಗ ಅಲ್ಲ. ಹಾರ್ಡ್ ಡಿಸ್ಕ್ ಒಂದ ದಿನ ಕೆಟ್ಟ ಕೆಡ್ತದ. ಎರಡೂ ಒಂದ ಪೆಟ್ಟಿಗ್ಯಾಗ ಜೋಡಿಸಿ ಒಂದರಂಗ ಇನ್ನೊಂದು ಮಾಡೂದಕ್ಕ ರೇಡ್ ಅಂತಾರ. ಅದೂ ಸಾಲಂಗಿಲ್ಲ, ಮೊಮ್ಮಗ ಒಂದರಾಗ ಅಳಿಸಿದ್ರ ಇನ್ನೊಂದರಾಗೂ ಅಳೀತದ, ಸಿಡಿಲು ಬಡದ್ರ ಎರಡೂ ಹೋಗ್ತಾವ. ತಿಳಿದವರು ಹೇಳೂದು ಮೂರು ಪ್ರತಿ, ಎರಡು ಥರದ ಸಾಧನ, ಒಂದು ಬ್ಯಾರೆ ಮನ್ಯಾಗ. ನಮ್ಮ ಎರಡನೇ ಡಿಸ್ಕ್ ನನ್ನ ತಂಗಿ ಮನ್ಯಾಗ ಇರ್ತದ. ಹಬ್ಬಕ್ಕ ಬಂದಾಗ ತರ್ತಾಳ, ಹೊಸಾದು ತುಂಬಿಕೊಂಡು ಒಯ್ತಾಳ. ಭಾಳ ಮುಖ್ಯದ್ದು, ಕ್ಯಾಸೆಟ್ ಹಾಡು ಮತ್ತ ಲಗ್ನದ ವಿಡಿಯೋ, ಮೂರನೇ ಪ್ರತಿ ಡಿವಿಡಿ ಮ್ಯಾಲ ಬರಸಿ ಟ್ರಂಕಿನ್ಯಾಗ ಇಟ್ಟೀವಿ.

ಇನ್ನ ಕೀಲಿಕೈ. ಸರ್ವರ್ ಮಾಡಿದ ಮಗ ನೌಕರಿ ಅಂತ ಪುಣೆಗೋ ಅಮೆರಿಕಾಕ್ಕೋ ಹೋಗ್ತಾನ. ಪಾಸ್‌ವರ್ಡ್ ಅವನ ತಲ್ಯಾಗ. ಅದು ನಿಂತ ದಿನ ಮನ್ಯಾಗ ಇದ್ದವರು ಅವನ ಫೋನಿಗೆ ಕಾಯಬೇಕು, ಇಲ್ಲಾ ಗುಜರಿಯವಂಗ ಹಾಕಬೇಕು. ಬೀಗದ ಕೈ ಒಯ್ದವನ ಸಾಮಾನಿನ ಖೋಲಿ ಯಾರಿಗೆ ಬೇಕು? ಅದಕ್ಕ ಒಂದು ಹಾಳಿ ಮ್ಯಾಲ ಕನ್ನಡದಾಗ ಬರೀರಿ: ಹೆಂಗ ಹಚ್ಚೂದು, ಹೆಂಗ ಬಂದ್ ಮಾಡೂದು, ಹೆಸರು, ಪಾಸ್‌ವರ್ಡು, ಯಾವ ಡಿಸ್ಕಿನ್ಯಾಗ ಏನದ, ಇನ್ನೊಂದು ಡಿಸ್ಕ್ ಯಾರ ಮನ್ಯಾಗ. ಅದನ್ನ ಎಲ್‌ಐಸಿ ಬಾಂಡಿನ ಜೋಡಿ ಇಡ್ರಿ. ಮನ್ಯಾಗ ಇಬ್ಬರಿಗೆ ಬರಬೇಕು, ನಮ್ಮಲ್ಲೆ ನನಗೂ ಸೊಸಿಗೂ ಬರ್ತದ.

ಕೀಲಿ ನಮ್ಮ ಕಡೆ ಇರಬೇಕು ಅನ್ನಲಿಕ್ಕೆ ಇನ್ನೊಂದು ಕಾರಣ ಅದ. ಕೂಸಿಗೆ ಎಣ್ಣಿ ನೀರು ಹಾಕೋ ಫೋಟೋ, ಬಾಣಂತಿ ಖೋಲಿ ಫೋಟೋ, ಹುಡುಗ್ಯಾರು ಕುಣದದ್ದು, ಇದನ್ನ ಯಾರು ನೋಡಬೇಕು, ಯಾರು ನೋಡಬಾರದು ಅಂತ ಮನಿ ಹೆಣ್ಮಕ್ಕಳಿಗೆ ಗೊತ್ತಿರ್ತದ. ಜೆಲ್ಲಿಫಿನ್ಯಾಗ ಒಬ್ಬೊಬ್ಬರಿಗೂ ಬ್ಯಾರೆ ಹೆಸರು ಮಾಡಿ, ಯಾರಿಗೆ ಯಾವ ಫೋಲ್ಡರ್ ಅಂತ ಗೊತ್ತು ಮಾಡಬಹುದು. ಮತ್ತ ಹೊರಗಿನ ಇಂಟರ್‌ನೆಟ್ಟಿಗೆ ಅದನ್ನ ತೆರದು ಇಡಬ್ಯಾಡ ಅಂತ ಹುಡುಗ್ರಿಗೆ ಗಟ್ಟಿಯಾಗಿ ಹೇಳ್ರಿ. ಮನಿದು ಮನ್ಯಾಗ ಇರಲಿ.

‘ನಮಗ ಇದೆಲ್ಲಾ ತಿಳಿಯೂದಿಲ್ಲ’ ಅನ್ನಬ್ಯಾಡ್ರಿ. ಫೈಲಿಗೆ ಹೆಸರಿಡೋ ಕೆಲಸಾನ ಎಲ್ಲಾಕ್ಕಿಂತ ದೊಡ್ಡದು, ಅದು ನಮ್ಮ ಬಿಟ್ರ ಯಾರಿಗೂ ಬರೂದಿಲ್ಲ. ‘1994 ಲಗ್ನ, ಬೀಗರ ಊಟ, ಹಾಡಿದವರು ದೊಡ್ಡ ಕಾಕು’ ಅಂತ ವರ್ಷ ಮೊದಲ ಬರದು ಕನ್ನಡದಾಗನ ಇಡಬಹುದು, ಸಾಲಾಗಿ ಕೂಡತಾವ. ಆ ಧ್ವನಿ ಯಾರದು ಅಂತ ಗುರುತಿಸೋರು ಇನ್ನ ಎಷ್ಟು ಜನ ಇದ್ದಾರ ಎಣಿಸಿ ನೋಡ್ರಿ. ಈ ದೀಪಾವಳಿಗೆ ಅಟ್ಟ ಝಾಡಿಸೋವಾಗ ಕ್ಯಾಸೆಟ್, ಸೀಡಿ, ಹಳೇ ಫೋನು ಒಂದ ಬುಟ್ಟಿಗೆ ಹಾಕಿ ಬದಿಗಿಡ್ರಿ, ಮನ್ಯಾಗಿನ ಹಿರಿಯರನ್ನ ಕೂಡಿಸಿಕೊಂಡು ಯಾವುದು ಯಾರದು ಕೇಳಿ ಚೀಟಿ ಹಚ್ಚರಿ. ಕಂಪ್ಯೂಟರ್ ಆಮ್ಯಾಲ ತಂದ್ರೂ ನಡೀತದ.